ಅರ್ಧ ಅಥೆನ್ಸಿನಲ್ಲಿ, ಅರ್ಧ ಲಂಡನ್ನಿನಲ್ಲಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಕುದುರೆ ಇದೆ. ಕುದುರೆ ಅಂದರೆ ಬರೀ ತಲೆ. ಕಣ್ಣುಗುಡ್ಡೆ ಹೊರಗೆ ಬಂದಿದೆ. ಮೂಗಿನ ಹೊಳ್ಳೆ ಅರಳಿದೆ. ಬಾಯಿ ತೆರೆದಿದೆ, ಕೆಳದವಡೆ ಜೋತುಬಿದ್ದಿದೆ. ಹತ್ತಿರ ಹೋಗಿ ನಿಂತರೆ ಕೆನ್ನೆಯ ತೊಗಲಿನ ಕೆಳಗೆ ಮೂಳೆಯ ಏರು ಕಾಣುತ್ತದೆ. ಚಂದ್ರದೇವತೆ ಸೆಲೀನಿಯ ರಥವನ್ನು ರಾತ್ರಿಯಿಡೀ ಎಳೆದು ಸುಸ್ತಾದ ಕುದುರೆ ಅದು. ಬೆಳಗಾಗುತ್ತಿದೆ, ರಥ ಕಡಲಿಗೆ ಇಳಿಯುತ್ತಿದೆ. ಅಥೆನ್ಸಿನ ಪಾರ್ಥೆನಾನ್ ಗುಡಿಯ ಪೂರ್ವದ ತ್ರಿಕೋನ ಮಾಡಿನ ಬಲತುದಿಯಲ್ಲಿ, ಜಾಗ ಕಿರಿದಾಗುವ ಮೂಲೆಯಲ್ಲಿ, ಅದನ್ನು ಕೂರಿಸಿದ್ದರು. ದವಡೆ ಕಲ್ಲಿನ ಅಂಚು ದಾಟಿ ಹೊರಗೆ ಚಾಚಿತ್ತು.

ಆ ರಥ ಹೊಡೆಯುವ ಸೆಲೀನಿ ಎಲ್ಲಿ? ಅವಳ ಮುಂಡ ಅಥೆನ್ಸಿನಲ್ಲಿದೆ. ಕುದುರೆ ಒಂದು ದೇಶದಲ್ಲಿ, ಒಡತಿ ಇನ್ನೊಂದು ದೇಶದಲ್ಲಿ. ಪಶ್ಚಿಮದ ಮಾಡಿನಲ್ಲಿದ್ದ ಕಡಲದೇವರು ಪೊಸೈಡನ್‌ನ ಕಥೆ ಇನ್ನೂ ಕಷ್ಟದ್ದು. ಅವನ ಎದೆಯ ಮುಂಭಾಗ ಅಥೆನ್ಸಿನಲ್ಲಿ, ಹೆಗಲು ಮತ್ತು ಬೆನ್ನು ಲಂಡನ್ನಿನಲ್ಲಿ. ಒಂದೇ ಮೈ ಎರಡು ಊರಲ್ಲಿ ಹಂಚಿಹೋಗಿದೆ. ಗುಡಿಯ ಒಳಗೋಡೆಯ ಮೇಲಂಚಿನಲ್ಲಿ ಸುತ್ತಲೂ ಓಡುತ್ತಿದ್ದ ಶಿಲ್ಪದ ಪಟ್ಟಿಕೆ ಸುಮಾರು 160 ಮೀಟರ್ ಉದ್ದ. ಅದರಲ್ಲಿ ಸುಮಾರು 75 ಮೀಟರ್ ಲಂಡನ್ನಿನಲ್ಲಿದೆ. ಅಥೆನ್ಸಿನಲ್ಲಿ ಇರುವುದು ಸುಮಾರು 50 ಮೀಟರ್. 92 ಚೌಕ ಫಲಕಗಳಲ್ಲಿ 15, ಮಾಡಿನ ಮೂರ್ತಿಗಳಲ್ಲಿ 17 ಲಂಡನ್ನಿನ ಪಾಲು. ಚೂರುಪಾರು ಪ್ಯಾರಿಸ್, ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲೂ ಇವೆ.

ಈ ಕಲ್ಲುಗಳನ್ನು ವಾಪಸ್ ಕೊಡಿ ಅಂತ ಗ್ರೀಸ್ ಕೇಳುತ್ತಿದೆ, ಬ್ರಿಟನ್ ಕೊಡುತ್ತಿಲ್ಲ. ಇದು 200 ವರ್ಷದ ಹಳೆಯ ಜಗಳ. ಆದರೆ ಈಗ ಅದು ಮತ್ತೆ ಬಿಸಿಯಾಗಿದೆ. ಪ್ರಧಾನಿಗಳ ಮಟ್ಟದ ಭೇಟಿ ಇದಕ್ಕಾಗಿ ಮುರಿದುಬಿದ್ದದ್ದೂ ಆಗಿದೆ. ಹೊರಗಿನಿಂದ ನೋಡಿದರೆ ಎರಡು ಮ್ಯೂಸಿಯಂಗಳ ಜಗಳದ ಹಾಗೆ ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಗ್ರೀಸ್ ಮತ್ತು ರೋಮ್ ನಮ್ಮ ಬುಡ, ನಾವೇ ಅದರ ವಾರಸುದಾರರು ಅಂತ ಯುರೋಪ್ ಹೇಳಿಕೊಂಡು ಬಂದಿದೆ. ಆ ವಾರಸುದಾರಿಕೆ ಅಂದರೆ ಏನು, ಅದು ಯಾರಿಗೆ, ಯಾವ ದಾರಿಯಿಂದ ಬಂತು ಅನ್ನುವುದೆಲ್ಲ ಈ ಕಲ್ಲುಗಳ ಕಥೆಯಲ್ಲೇ ಇದೆ.

ಪಾರ್ಥೆನಾನ್ ಕಟ್ಟಲು ಶುರು ಮಾಡಿದ್ದು ಕ್ರಿ.ಪೂ. 447ರಲ್ಲಿ. ಶಿಲ್ಪದ ಕೆಲಸ ಮುಗಿದದ್ದು 432ರಲ್ಲಿ. ಪೆರಿಕ್ಲೀಸ್ ಅಥೆನ್ಸಿನ ಮುಂದಾಳಾಗಿದ್ದ, ಶಿಲ್ಪಿ ಫಿಡಿಯಾಸ್ ಮೇಲುಸ್ತುವಾರಿ ನೋಡುತ್ತಿದ್ದ. ದುಡ್ಡು ಎಲ್ಲಿಂದ ಬಂತು? ಪರ್ಷಿಯನ್ನರ ವಿರುದ್ಧ ಒಟ್ಟಾಗಿ ನಿಲ್ಲಲು ನೂರಕ್ಕೂ ಹೆಚ್ಚು ಗ್ರೀಕ್ ಊರುಗಳು ಒಂದು ಕೂಟ ಕಟ್ಟಿಕೊಂಡಿದ್ದವು. ಅದರ ಖಜಾನೆ ಡೆಲೋಸ್ ದ್ವೀಪದಲ್ಲಿತ್ತು. 454ರಲ್ಲಿ ಅದನ್ನು ಅಥೆನ್ಸಿಗೆ ಸಾಗಿಸಿದರು. ಆಮೇಲೆ ಆ ಕಪ್ಪದ ದುಡ್ಡು ಅಥೆನ್ಸಿನ ಕಟ್ಟಡಗಳಿಗೂ ಹೋಯಿತು. ಆ ಕಾಲದಲ್ಲೇ ಇದಕ್ಕೆ ಆಕ್ಷೇಪ ಎದ್ದಿತ್ತು. ಪ್ರಜಾಪ್ರಭುತ್ವದ ಗುರುತು ಅಂತ ನಾವು ನೋಡುವ ಈ ಗುಡಿಯ ಬುಡದಲ್ಲಿ ಬೇರೆ ಊರುಗಳ ಹಣ ಇದೆ. ಆ ಪ್ರಜಾಪ್ರಭುತ್ವದಲ್ಲಿ ಹೆಂಗಸರಿಗೆ, ಗುಲಾಮರಿಗೆ ಜಾಗ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ರೀಸನ್ನು ಪೂಜೆ ಮಾಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಆಮೇಲೆ ಆ ಗುಡಿ ಚರ್ಚ್ ಆಯಿತು. 1458ರಲ್ಲಿ ಅಥೆನ್ಸ್ ಒಟ್ಟೊಮನ್ ತುರ್ಕರ ಕೈಗೆ ಹೋದ ಮೇಲೆ ಮಸೀದಿ ಆಯಿತು. ಎರಡು ಸಾವಿರ ವರ್ಷ ಕಳೆದರೂ ಕಟ್ಟಡ ಹೆಚ್ಚುಕಡಿಮೆ ನಿಂತೇ ಇತ್ತು. ಅದನ್ನು ಮುರಿದದ್ದು 1687ರ ಸೆಪ್ಟೆಂಬರ್ 26ರ ಒಂದು ಗುಂಡು. ವೆನಿಸ್ ಪಡೆ ಗುಡಿ ಇರುವ ಅಕ್ರೊಪೊಲಿಸ್ ಗುಡ್ಡಕ್ಕೆ ಮುತ್ತಿಗೆ ಹಾಕಿತ್ತು. ತುರ್ಕರು ಗುಡಿಯೊಳಗೆ ಮದ್ದು ತುಂಬಿಟ್ಟಿದ್ದರು, ಒಳಗೆ ಜನ ಆಸರೆ ಪಡೆದಿದ್ದರು. ವೆನಿಸ್‌ನ ಗುಂಡು ಮದ್ದಿನ ಮೇಲೆ ಬಿತ್ತು. ಸುಮಾರು 300 ಜನ ಸತ್ತರು. ನಡುಭಾಗ ಪೂರ್ತಿ ಹಾರಿಹೋಯಿತು. ಹೊಡೆಸಿದ ದಂಡನಾಯಕ ಮೊರೊಸಿನಿ ಆಮೇಲೆ ಪಶ್ಚಿಮ ಮಾಡಿನ ಮೂರ್ತಿಗಳನ್ನು ವೆನಿಸಿಗೆ ಸಾಗಿಸಲು ನೋಡಿದ. ಇಳಿಸುವಾಗ ಅವು ಬಿದ್ದು ಒಡೆದವು.

ಇಲ್ಲಿಂದ ಮುಂದಿನ ಕಥೆಗೆ ನಮ್ಮ ಶ್ರೀರಂಗಪಟ್ಟಣದ ನಂಟು ಇದೆ. ಇದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ.

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಬ್ರಿಟಿಷರ ಇಂಡಿಯಾಕ್ಕೆ ದಾರಿ ಮಾಡಿಕೊಳ್ಳುವುದು ಅವನ ಲೆಕ್ಕಾಚಾರಗಳಲ್ಲಿ ಒಂದು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಕಾಗದ ಬರೆದ. ಅದು ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಫ್ರೆಂಚರ ಭಯವನ್ನೇ ಮುಂದೆ ಮಾಡಿ ಗವರ್ನರ್ ಜನರಲ್ ವೆಲ್ಲೆಸ್ಲಿ ಮೈಸೂರಿನ ಮೇಲೆ ದಂಡು ಕಳಿಸಿದ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಅವನ ಮರದ ಹುಲಿ ಲಂಡನ್ನಿಗೆ ಹೋಯಿತು, ಇವತ್ತಿಗೂ ಅಲ್ಲೇ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಅದೇ ನೆಪೋಲಿಯನ್ ಭಯ ಇನ್ನೊಂದು ಕಡೆಯೂ ಕೆಲಸ ಮಾಡಿತು. ಈಜಿಪ್ಟ್ ಒಟ್ಟೊಮನ್ ಸುಲ್ತಾನನ ನಾಡು. ಫ್ರೆಂಚರು ಅದನ್ನು ಹಿಡಿದಾಗ ಸುಲ್ತಾನ ಬ್ರಿಟಿಷರ ಜೊತೆ ಸೇರಿದ. ಆ ಗೆಳೆತನ ಗಟ್ಟಿ ಮಾಡಲು ಬ್ರಿಟನ್ ಇಸ್ತಾಂಬುಲ್‌ಗೆ ಕಳಿಸಿದ ರಾಯಭಾರಿಯೇ ಥಾಮಸ್ ಬ್ರೂಸ್, ಎಲ್ಜಿನ್‌ನ 7ನೇ ಅರ್ಲ್. 1799ರ ನವೆಂಬರಿನಲ್ಲಿ ಅವನು ಅಲ್ಲಿಗೆ ತಲುಪಿದ.

ಮುಂದೆ 1801ರಲ್ಲಿ ಫ್ರೆಂಚರನ್ನು ಈಜಿಪ್ಟಿನಿಂದ ಓಡಿಸಲು ಬ್ರಿಟಿಷ್ ಪಡೆ ಹೋಯಿತು. ಇಂಡಿಯಾದಿಂದಲೂ ಒಂದು ಪಡೆ ಕೆಂಪು ಸಮುದ್ರ ದಾಟಿ, ಮರಳುಗಾಡು ನಡೆದು ನೈಲ್ ನದಿಗೆ ಬಂತು. ಅದರ ದಂಡನಾಯಕ ಡೇವಿಡ್ ಬೇರ್ಡ್. ಎರಡು ವರ್ಷದ ಹಿಂದೆ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದವನು ಅವನೇ. ಅದಕ್ಕೂ ಮೊದಲು ಅದೇ ಊರಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದವನು. ಅವನ ಪಡೆ ಬರುವ ಹೊತ್ತಿಗೆ ಕಾದಾಟ ಬಹುಪಾಲು ಮುಗಿದಿತ್ತು. ಆದರೆ ಗೆಲುವು ಬ್ರಿಟಿಷರದ್ದಾಯಿತು. ಸುಲ್ತಾನನ ಆಸ್ಥಾನ ಬ್ರಿಟಿಷರಿಗೆ ಋಣಿಯಾಗಿದ್ದ ಆ ದಿನಗಳಲ್ಲೇ, 1801ರ ಜುಲೈನಲ್ಲಿ, ಅಕ್ರೊಪೊಲಿಸ್‌ನಲ್ಲಿ ಕೆಲಸ ಮಾಡಲು ಎಲ್ಜಿನ್‌ಗೆ ಬೇಕಾಗಿದ್ದ ಅನುಮತಿ ಪತ್ರ ಸಿಕ್ಕಿತು.

ಆ ಪತ್ರದಲ್ಲಿ ಏನಿತ್ತು? ಜಗಳದ ಬೇರು ಇದೇ. ತುರ್ಕಿ ಭಾಷೆಯ ಮೂಲ ಪತ್ರ ಯಾರ ಬಳಿಯೂ ಇಲ್ಲ. ಇಟಾಲಿಯನ್ ಭಾಷೆಯ ಒಂದು ಅನುವಾದ ಮಾತ್ರ ಉಳಿದಿದೆ. ಚಿತ್ರ ಬರೆಯಲು, ಅಚ್ಚು ತೆಗೆಯಲು, ನೆಲ ಅಗೆಯಲು ಬಿಡಿ ಅಂತ ಅದರಲ್ಲಿದೆ. ಜೊತೆಗೆ, ಹಳೆಯ ಬರಹ ಅಥವಾ ಆಕೃತಿ ಇರುವ ಕೆಲವು ಕಲ್ಲುಗಳನ್ನು ಒಯ್ದರೆ ತಡೆಯಬೇಡಿ ಅಂತಲೂ ಇದೆ. ಬಿದ್ದ ಕಲ್ಲಾ, ಗೋಡೆಯಲ್ಲಿದ್ದ ಕಲ್ಲಾ ಅಂತ ಬಿಡಿಸಿ ಹೇಳಿಲ್ಲ. ನನ್ನ ಓದಿಗೆ ಇದು ಅಗೆದಾಗ ಸಿಕ್ಕಿದ್ದನ್ನು ಒಯ್ಯಲು ಕೊಟ್ಟ ಮಾತು. ನಿಂತ ಕಟ್ಟಡ ಬಿಚ್ಚಲು ಕೊಟ್ಟ ಮಾತಲ್ಲ. ಆದರೆ ಎಲ್ಜಿನ್ ಕಡೆಯವರು ಅಥೆನ್ಸಿನ ಅಧಿಕಾರಿಯ ಮೇಲೆ ಒತ್ತಡ ಹಾಕಿ, ಉಡುಗೊರೆ ಕೊಟ್ಟು, ಅರ್ಥವನ್ನು ಹಿಗ್ಗಿಸಿಕೊಂಡರು. ಕೆಲಸ ನೋಡಿಕೊಂಡವನು ಲೂಸಿಯೇರಿ ಅನ್ನುವ ಇಟಲಿಯ ಚಿತ್ರಕಾರ. ಫಲಕಗಳನ್ನು ಬಿಡಿಸಲು ಮೇಲಿನ ಕಟ್ಟೆಗಲ್ಲುಗಳನ್ನು ಕೆಡವಿದರು. ಪಟ್ಟಿಕೆಯ ಕಲ್ಲುಗಳು ಭಾರ ಅಂತ ಹಿಂಭಾಗವನ್ನು ಗರಗಸದಲ್ಲಿ ಕೊಯ್ದರು. 2024ರಲ್ಲಿ ಯುನೆಸ್ಕೋ ಸಮಿತಿಯ ಸಭೆಯಲ್ಲಿ ತುರ್ಕಿಯ ಪ್ರತಿನಿಧಿ ಎದ್ದು, ಇದನ್ನು ಸಕ್ರಮ ಮಾಡುವ ಯಾವ ಕಾಗದವೂ ತಮಗೆ ಗೊತ್ತಿಲ್ಲ ಅಂದರು. ಕೊಟ್ಟವರ ಕಡೆಯಿಂದಲೇ ಬಂದ ಮಾತು ಇದು, ಸಣ್ಣದಲ್ಲ.

ಎಲ್ಜಿನ್ ಮೊದಲು ಈ ಕಲ್ಲುಗಳು ಬೇಕು ಅಂದುಕೊಂಡದ್ದು ಸ್ಕಾಟ್ಲೆಂಡಿನ ತನ್ನ ಬಂಗಲೆಗೆ. 1802ರಲ್ಲಿ ಅವನ ಮೆಂಟರ್ ಹಡಗು ಕಿಥಿರಾ ದ್ವೀಪದ ಬಳಿ ಮುಳುಗಿತು. ಮುಳುಗುಗಾರರನ್ನು ಇಳಿಸಿ ಎರಡು ವರ್ಷ ಹುಡುಕಿಸಿ ಕಲ್ಲು ಮೇಲೆತ್ತಿಸಿದ. ಸಾಲ ಕುತ್ತಿಗೆಗೆ ಬಂದಾಗ ಸರ್ಕಾರಕ್ಕೆ ಮಾರಲು ಹೊರಟ. 1816ರಲ್ಲಿ ಬ್ರಿಟಿಷ್ ಸಂಸತ್ತು 82ಕ್ಕೆ 30 ಮತಗಳಿಂದ ಒಪ್ಪಿ, 35,000 ಪೌಂಡ್ ಕೊಟ್ಟು ಕೊಂಡಿತು. ಅವನು ಖರ್ಚಾಯಿತು ಅಂತ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಆ ದಿನವೂ ಇದು ಸರಿಯಲ್ಲ ಅಂದವರು ಸಂಸತ್ತಿನಲ್ಲೇ ಇದ್ದರು. ಕವಿ ಬೈರನ್ ಆಗಲೇ ಎಲ್ಜಿನ್‌ನನ್ನು ಪದ್ಯದಲ್ಲಿ ಬೈದಿದ್ದ. ಅಂದರೆ, ಇವತ್ತಿನ ಕಣ್ಣಿನಿಂದ ಹಳೆಯ ಕಾಲವನ್ನು ಅಳೆಯಬಾರದು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಆ ಕಾಲದವರೇ ಅಳೆದಿದ್ದರು.

ಈ ಮನೆತನದ ಹೆಸರು ನಮ್ಮ ಚರಿತ್ರೆಯಲ್ಲೂ ಬರುತ್ತದೆ. ಅವನ ಮಗ, 8ನೇ ಅರ್ಲ್, 1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆಗೆ ಬೆಂಕಿ ಹಾಕಿಸಿದ. ಎರಡು ವರ್ಷದ ಬಳಿಕ ಇಂಡಿಯಾದ ವೈಸರಾಯ್ ಆಗಿ ಬಂದ, 1863ರಲ್ಲಿ ಧರ್ಮಶಾಲಾದಲ್ಲಿ ಸತ್ತ. ಮೊಮ್ಮಗ 1894ರಿಂದ 1899ರವರೆಗೆ ವೈಸರಾಯ್. ದೊಡ್ಡ ಬರ ಮತ್ತು ಪ್ಲೇಗಿನ ಕಾಲ ಅದು.

ಈಗ ಯುರೋಪಿನ ಕಡೆ ತಿರುಗೋಣ. ಈ ಕಲ್ಲುಗಳು ಲಂಡನ್ನಿಗೆ ಬಂದ ಕಾಲದಲ್ಲೇ ಯುರೋಪ್ ತನ್ನ ವಂಶಾವಳಿಯನ್ನು ಹೊಸದಾಗಿ ಬರೆದುಕೊಳ್ಳುತ್ತಿತ್ತು. ಬ್ರಿಟಿಷ್ ಮ್ಯೂಸಿಯಂನ ಕಟ್ಟಡವನ್ನೇ ನೋಡಿ. ರಾಬರ್ಟ್ ಸ್ಮರ್ಕ್ ಅದನ್ನು ಗ್ರೀಕ್ ಗುಡಿಯ ಹಾಗೆ 44 ಕಂಬ ನಿಲ್ಲಿಸಿ ಕಟ್ಟಿದ. ಬವೇರಿಯಾದಲ್ಲಿ ಡ್ಯಾನ್ಯೂಬ್ ನದಿಯ ಮೇಲೆ 1842ರಲ್ಲಿ ತೆರೆದ ವಾಲ್‌ಹಾಲ ಸ್ಮಾರಕ ಪಾರ್ಥೆನಾನ್‌ನ ಪಡಿಯಚ್ಚು, ಒಳಗಿರುವುದು ಮಾತ್ರ ಜರ್ಮನ್ ಮಹನೀಯರ ಮೂರ್ತಿಗಳು. ಬ್ಯಾಂಕು, ಕೋರ್ಟು, ಸಂಸತ್ತು ಅಂದರೆ ಕಂಬ ಮತ್ತು ತ್ರಿಕೋನ ಮಾಡು ಇರಲೇಬೇಕು ಅಂತಾಯಿತು. ಆ ಅಲೆ ಬೆಂಗಳೂರಿಗೂ ಬಂತು. ಕಬ್ಬನ್ ಪಾರ್ಕಿನ ಕೆಂಪು ಅಠಾರಾ ಕಚೇರಿ, ಈಗಿನ ಹೈಕೋರ್ಟು, 1860ರ ದಶಕದ್ದು. ಅದರ ಕಂಬಗಳ ತಲೆಯಲ್ಲಿ ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡ ಸುರುಳಿಗಳಿವೆಯಲ್ಲ, ಅವು ಗ್ರೀಕರ ಅಯೋನಿಯನ್ ಶೈಲಿ. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುವವರು ಸುಮ್ನೆ ಒಮ್ಮೆ ತಲೆ ಎತ್ತಿ ನೋಡಿ.

ಗ್ರೀಸಿನಿಂದ ರೋಮಿಗೆ, ರೋಮಿನಿಂದ ನೇರ ಪ್ಯಾರಿಸ್, ಲಂಡನ್‌ಗೆ ಅಂತ ಒಂದು ಗೆರೆ ಎಳೆಯುವುದು ಆಗ ಶುರುವಾದ ಅಭ್ಯಾಸ. ನಿಜವಾದ ದಾರಿ ಅಷ್ಟು ನೇರ ಇಲ್ಲ. ಪಶ್ಚಿಮ ಯುರೋಪ್ ಗ್ರೀಕ್ ಭಾಷೆಯನ್ನೇ ಮರೆತಿದ್ದ ಶತಮಾನಗಳಲ್ಲಿ ಬಾಗ್ದಾದಿನ ವಿದ್ವಾಂಸರು ಅರಿಸ್ಟಾಟಲ್, ವೈದ್ಯ ಗ್ಯಾಲೆನ್‌ರನ್ನು ಅರಬ್ಬಿಗೆ ತಂದರು. ಸ್ಪೇನಿನ ಟೊಲೆಡೊದಲ್ಲಿ ಆ ಅರಬ್ಬಿ ಗ್ರಂಥಗಳು ಲ್ಯಾಟಿನ್ ಆದವು. ಕಾರ್ಡೊಬಾದ ಇಬ್ನ್ ರುಶ್ದ್ ಅರಿಸ್ಟಾಟಲ್‌ಗೆ ಬರೆದ ವ್ಯಾಖ್ಯಾನ ಓದಿಯೇ ಪ್ಯಾರಿಸಿನ ಪಂಡಿತರು ವಾದ ಮಾಡುತ್ತಿದ್ದರು. ಇತ್ತ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗ್ರೀಕ್ ಓದು ನಿಂತೇ ಇರಲಿಲ್ಲ. ವಿಚಾರದ ಆಸ್ತಿ ಹೀಗೆ ಕೈಯಿಂದ ಕೈಗೆ ಬರುತ್ತದೆ. ಬಾಗ್ದಾದಿನವರು ಓದಿದರು ಅಂತ ಅಥೆನ್ಸಿನವರಿಗೆ ಅರಿಸ್ಟಾಟಲ್ ಕಡಿಮೆ ಬೀಳಲಿಲ್ಲ. ಕಲ್ಲು ಹಾಗಲ್ಲ. ಒಂದು ಕಡೆಯಿಂದ ಕಿತ್ತರೇನೇ ಇನ್ನೊಂದು ಕಡೆ ಇಡಲು ಸಾಧ್ಯ.

ಯುರೋಪ್ ಈ ಆಸ್ತಿಯನ್ನು ತನ್ನ ಬಣ್ಣಕ್ಕೂ ತಿರುಗಿಸಿಕೊಂಡಿತು. ಬಣ್ಣ ಅನ್ನುವುದನ್ನು ಇಲ್ಲಿ ನೇರ ಅರ್ಥದಲ್ಲೇ ಹೇಳುತ್ತಿದ್ದೇನೆ. ಪಾರ್ಥೆನಾನ್ ಮೂರ್ತಿಗಳು ಬೆಳ್ಳಗಿರಲಿಲ್ಲ. ಅವುಗಳಿಗೆ ಬಣ್ಣ ಬಳಿದಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲೇ 2009ರಲ್ಲಿ ವಿಶೇಷ ಬೆಳಕು ಹಾಯಿಸಿ ನೋಡಿದಾಗ ಈಜಿಪ್ಟ್ ನೀಲಿಯ ಕಣಗಳು ಸಿಕ್ಕಿದವು. ಆದರೆ 18ನೇ ಶತಮಾನದ ಕಲಾಪಂಡಿತರು ಬಿಳಿ ಅಮೃತಶಿಲೆಯೇ ಗ್ರೀಕ್ ಸೌಂದರ್ಯ ಅಂತ ನಂಬಿಸಿದ್ದರು. ಆ ನಂಬಿಕೆ ಎಷ್ಟು ಗಟ್ಟಿ ಅಂದರೆ, 1930ರ ದಶಕದಲ್ಲಿ ಹೊಸ ಗ್ಯಾಲರಿಗೆ ದುಡ್ಡು ಕೊಟ್ಟ ಲಾರ್ಡ್ ಡುವೀನ್ ಕಡೆಯವರು ಮೂರ್ತಿಗಳು ಇನ್ನೂ ಬೆಳ್ಳಗಾಗಲಿ ಅಂದರು. ಕೆಲಸಗಾರರು ತಾಮ್ರದ ಉಳಿ, ಒರಟು ಪುಡಿ ಹಿಡಿದು ಉಜ್ಜಿದರು. ಪೆಂಟೆಲಿ ಬೆಟ್ಟದ ಅಮೃತಶಿಲೆ ಗಾಳಿಗೆ ಒಡ್ಡಿಕೊಂಡು ನೂರಾರು ವರ್ಷದಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಟ್ಟಿದ್ದ ಮೇಲ್ಪದರ ಹೋಯಿತು. 1938ರಲ್ಲಿ ವಿಷಯ ಹೊರಬಿದ್ದು ಕೆಲಸ ನಿಲ್ಲಿಸಿದರು. ನಾವು ಜೋಪಾನ ಮಾಡಿದೆವು ಅನ್ನುವ ವಾದ ಕೇಳಿದಾಗೆಲ್ಲ ನನಗೆ ನೆನಪಾಗುವುದು ಈ ಉಳಿಗಳು.

ಗ್ರೀಕರೂ ತಮ್ಮ ಪಾಲಿನ ಉಜ್ಜಾಟ ಮಾಡಿದ್ದಾರೆ. 1821ರಲ್ಲಿ ದಂಗೆ ಎದ್ದು 1830ರಲ್ಲಿ ಸ್ವತಂತ್ರರಾದರು. ಯುರೋಪಿನ ದೊಡ್ಡ ರಾಜ್ಯಗಳು ಬವೇರಿಯಾದ ರಾಜಕುಮಾರ ಒಟ್ಟೊನನ್ನು ರಾಜನಾಗಿ ಕೂರಿಸಿದವು. ವಾಲ್‌ಹಾಲ ಕಟ್ಟಿದ ಲಿಯೋ ಫಾನ್ ಕ್ಲೆನ್ಸೆಯೇ ಅಕ್ರೊಪೊಲಿಸ್ ಜೀರ್ಣೋದ್ಧಾರಕ್ಕೂ ದಾರಿ ಹಾಕಿಕೊಟ್ಟ. ಮಸೀದಿ ತೆಗೆದರು, ಮನೆಗಳನ್ನು ತೆಗೆದರು, 1870ರ ದಶಕದಲ್ಲಿ ಮಧ್ಯಯುಗದ ದೊಡ್ಡ ಗೋಪುರವನ್ನೂ ಕೆಡವಿದರು. ಪೆರಿಕ್ಲೀಸ್ ಕಾಲದ್ದು ಮಾತ್ರ ಉಳಿಯಲಿ ಅಂತ. ಇವತ್ತು ಪ್ರವಾಸಿಗರು ನೋಡುವ ಆ ಬೋಳು ಗುಡ್ಡ 19ನೇ ಶತಮಾನದವರು ಆರಿಸಿ ಉಳಿಸಿಕೊಂಡದ್ದು. ಆಸ್ತಿ ತನ್ನಷ್ಟಕ್ಕೆ ತಾನೇ ಬಂದು ಕೈಯಲ್ಲಿ ಕೂರುವುದಿಲ್ಲ. ಪಡೆದವರು ಯಾವುದು ಬೇಕು, ಯಾವುದು ಬೇಡ ಅಂತ ಆರಿಸುತ್ತಾರೆ.

ವಾಪಸ್ ಕೊಡಿ ಅನ್ನುವ ಬೇಡಿಕೆಗೆ ಜೋರು ಬಂದದ್ದು ಮೆಲಿನಾ ಮೆರ್ಕೂರಿಯಿಂದ. ಸಿನಿಮಾ ನಟಿಯಾಗಿದ್ದು ಗ್ರೀಸಿನ ಸಂಸ್ಕೃತಿ ಮಂತ್ರಿಯಾದವರು. 1982ರಲ್ಲಿ ಮೆಕ್ಸಿಕೋದ ಯುನೆಸ್ಕೋ ಸಮ್ಮೇಳನದಲ್ಲಿ ವಿಷಯ ಎತ್ತಿದರು. ಮರುವರ್ಷ ಗ್ರೀಸ್ ಅಧಿಕೃತವಾಗಿ ಕೇಳಿತು. ಬ್ರಿಟನ್ ಕೈ ತೋರಿಸಿದ್ದು ಕಾನೂನಿನ ಕಡೆಗೆ. 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆಯ ಪ್ರಕಾರ ಟ್ರಸ್ಟಿಗಳು ಕೆಲವೇ ಸಂದರ್ಭ ಬಿಟ್ಟರೆ ಯಾವ ವಸ್ತುವನ್ನೂ ಬಿಟ್ಟುಕೊಡುವಂತಿಲ್ಲ. ಕಾಯ್ದೆ ತಿದ್ದಬೇಕಾದ್ದು ಸರ್ಕಾರ. ಸರ್ಕಾರ ಕೇಳಿದರೆ ಇದು ಟ್ರಸ್ಟಿಗಳ ವಿಚಾರ ಅನ್ನುತ್ತದೆ. ನಮ್ಮ ಕಚೇರಿಗಳಲ್ಲಿ ಅಲೆದವರಿಗೆ ಈ ಟೇಬಲ್‌ನಿಂದ ಆ ಟೇಬಲ್‌ಗೆ ಓಡಾಡಿಸುವ ರೀತಿ ಚೆನ್ನಾಗಿ ಗೊತ್ತು, ಅಲ್ವಾ?

ಈಚೆಗೆ, 2021ರಲ್ಲಿ ಮ್ಯೂಸಿಯಂ ಅಧ್ಯಕ್ಷರಾದ ಜಾರ್ಜ್ ಆಸ್ಬರ್ನ್ ಗ್ರೀಸ್ ಜೊತೆ ಮಾತುಕತೆ ನಡೆಸಿದ್ದಾರೆ. ಕಲ್ಲುಗಳು ಒಂದಷ್ಟು ಕಾಲ ಅಥೆನ್ಸಿಗೆ ಹೋಗಲಿ, ಬದಲಿಗೆ ಗ್ರೀಸ್ ಬೇರೆ ಪ್ರಾಚೀನ ವಸ್ತುಗಳನ್ನು ಲಂಡನ್ನಿಗೆ ಕಳಿಸಲಿ ಅನ್ನುವುದು ಯೋಚನೆ. ಎಡವಿದ್ದು ಒಂದೇ ಪದದ ಹತ್ತಿರ: ಎರವಲು. ಎರವಲು ತರುವವರು ವಸ್ತು ನಿಮ್ಮದೇ ಅಂತ ಒಪ್ಪಿದ ಹಾಗಾಗುತ್ತದೆ. ನಮ್ಮ ಮನೆಯದನ್ನು ನಾವೇ ಎರವಲು ತರುವುದು ಹೇಗೆ ಅಂತ ಗ್ರೀಸ್ ಕೇಳುತ್ತದೆ. 2023ರ ನವೆಂಬರಿನಲ್ಲಿ ಗ್ರೀಸಿನ ಪ್ರಧಾನಿ ಮಿತ್ಸೊಟಾಕಿಸ್ ಬಿಬಿಸಿಗೆ ಹೇಳಿದ ಮಾತು ದೊಡ್ಡ ಸುದ್ದಿಯಾಯಿತು. ಮೋನಾ ಲೀಸಾ ಚಿತ್ರವನ್ನು ಅರ್ಧಕ್ಕೆ ಕತ್ತರಿಸಿ ಎರಡು ಕಡೆ ಇಟ್ಟರೆ ಹೇಗಿರುತ್ತದೆ, ಇದೂ ಹಾಗೇ ಅಂದರು. ಮರುದಿನವೇ ಬ್ರಿಟಿಷ್ ಪ್ರಧಾನಿ ರಿಷಿ ಸುನಕ್ ಅವರ ಜೊತೆಗಿನ ಭೇಟಿ ರದ್ದು ಮಾಡಿದರು. ಮುಂದೆ ಬಂದ ಸ್ಟಾರ್ಮರ್ ಸರ್ಕಾರದ ದನಿ ಮೆತ್ತಗಿದೆ. ಆದರೆ ಕಾಯ್ದೆ ತಿದ್ದುವ ಯೋಚನೆ ಇಲ್ಲ ಅಂದಿದೆ.

ಲಂಡನ್ ಕಡೆಯ ವಾದದಲ್ಲೂ ತೂಕ ಇದೆ. ಅಥೆನ್ಸಿನಲ್ಲಿ ಹಳೆಯ ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡುತ್ತಿದ್ದ ಕಾಲ ಒಂದಿತ್ತು. 20ನೇ ಶತಮಾನದ ಹೊಗೆ, ಆಮ್ಲ ಮಳೆ ಅಲ್ಲಿ ಉಳಿದ ಶಿಲ್ಪಗಳ ಮುಖ ತಿಂದಿವೆ. ಲಂಡನ್ನಿನಲ್ಲಿ ಈಜಿಪ್ಟ್, ಅಸ್ಸೀರಿಯಾ, ಪರ್ಷಿಯಾದ ಪಕ್ಕದಲ್ಲಿ ಗ್ರೀಸನ್ನು ನೋಡಬಹುದು, ಅದೂ ಟಿಕೆಟ್ ಇಲ್ಲದೆ. ಇದು ದೊಡ್ಡ ಸೌಲಭ್ಯ, ನಾನು ತಳ್ಳಿಹಾಕುವುದಿಲ್ಲ. ಆದರೆ ಜೋಪಾನದ ವಾದ ಈಗ ಉಳಿದಿಲ್ಲ. ಅದೇ ಮ್ಯೂಸಿಯಂನ ಗ್ರೀಕ್ ಗ್ಯಾಲರಿಗಳಲ್ಲಿ ಮಳೆನೀರು ಸೋರಿದೆ. 2023ರಲ್ಲಿ ಸುಮಾರು 2,000 ವಸ್ತುಗಳು ಕಳೆದುಹೋಗಿವೆ, ಕದ್ದುಹೋಗಿವೆ, ಇಲ್ಲವೇ ಹಾಳಾಗಿವೆ ಅಂತ ಬೆಳಕಿಗೆ ಬಂತು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಅತ್ತ 2009ರಲ್ಲಿ ಅಕ್ರೊಪೊಲಿಸ್ ಬುಡದಲ್ಲಿ ಹೊಸ ಮ್ಯೂಸಿಯಂ ತೆರೆದಿದೆ. ಅದರ ಮೇಲಿನ ಅಂತಸ್ತನ್ನು ಪಾರ್ಥೆನಾನ್ ಮುಖ ಮಾಡಿರುವ ದಿಕ್ಕಿಗೇ, ಅದರ ಅಳತೆಗೇ ತಕ್ಕಂತೆ ತಿರುಗಿಸಿ ಕಟ್ಟಿದ್ದಾರೆ. ಸುತ್ತ ಗಾಜು. ಪಟ್ಟಿಕೆ ನೋಡುತ್ತಾ ತಲೆ ಎತ್ತಿದರೆ ಗುಡ್ಡದ ಮೇಲೆ ಗುಡಿ ಕಾಣುತ್ತದೆ.

ಒಂದನ್ನು ಕೊಟ್ಟರೆ ಎಲ್ಲರೂ ಸಾಲುಗಟ್ಟುತ್ತಾರೆ ಅನ್ನುವುದು ಕೊನೆಯ ಭಯ. ಆಫ್ರಿಕಾದ ಬೆನಿನ್ ಕಂಚುಗಳು, ಈಜಿಪ್ಟಿನ ರೊಸೆಟ್ಟಾ ಕಲ್ಲು, ನಮ್ಮ ನೆರೆಯ ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳು ಎಲ್ಲವೂ ಅದೇ ಮ್ಯೂಸಿಯಂನಲ್ಲಿವೆ. ಸಾಲುಗಟ್ಟಲಿ. ಒಂದೊಂದರ ಕಾಗದ ಬೇರೆ, ಕಥೆ ಬೇರೆ. ಒಂದೊಂದನ್ನೂ ಕೂತು ನೋಡಬೇಕು. ಸಾಲು ಉದ್ದ ಇದೆ ಅಂತ ಮುಂದೆ ನಿಂತವನ ಮಾತನ್ನೇ ಕೇಳದಿದ್ದರೆ ಅದು ನ್ಯಾಯ ಆಗುವುದಿಲ್ಲ.

ಇಂಥ ಮೊಕದ್ದಮೆ ರೋಮನ್ನರಿಗೂ ಹೊಸದಲ್ಲ. ಕ್ರಿ.ಪೂ. 70ರಲ್ಲಿ ವಕೀಲ ಸಿಸೆರೊ, ಸಿಸಿಲಿಯ ರಾಜ್ಯಪಾಲನಾಗಿದ್ದ ವೆರ್ರೆಸ್ ಮೇಲೆ ರೋಮಿನ ನ್ಯಾಯಾಲಯದಲ್ಲಿ ವಾದಿಸಿದ. ಆರೋಪಗಳಲ್ಲಿ ದೊಡ್ಡದೊಂದು, ಸಿಸಿಲಿಯ ಗ್ರೀಕ್ ಊರುಗಳ ಗುಡಿ ಮತ್ತು ಮನೆಗಳಿಂದ ಮೂರ್ತಿಗಳನ್ನು ದೋಚಿದ್ದು. ಕೊಂಡುಕೊಂಡೆ ಅನ್ನುವ ಸಮಜಾಯಿಷಿಯನ್ನೂ ಸಿಸೆರೊ ಬಿಡಿಬಿಡಿಯಾಗಿ ಕಿತ್ತುಹಾಕಿದ. ಅಧಿಕಾರದಲ್ಲಿ ಇರುವವನು ಕೇಳಿದಾಗ ಮಾರುವವನಿಗೆ ಬೇಡ ಅನ್ನುವ ಶಕ್ತಿ ಎಲ್ಲಿರುತ್ತದೆ? ವೆರ್ರೆಸ್ ತೀರ್ಪಿಗೆ ಮೊದಲೇ ಊರು ಬಿಟ್ಟು ಓಡಿದ. ಯುರೋಪಿನ ಕಾನೂನು ರೋಮಿನಿಂದ ಬಂತು ಅನ್ನುತ್ತಾರೆ. ಹಾಗಾದರೆ ಈ ವಾದವೂ ಆ ಆಸ್ತಿಯಲ್ಲಿ ಸೇರಿದೆ.

ಅದೇ ಸಿಸಿಲಿಯ ಪಲೆರ್ಮೊದ ಮ್ಯೂಸಿಯಂ ಒಂದರಲ್ಲಿ ಪಾರ್ಥೆನಾನ್ ಪಟ್ಟಿಕೆಯ ಒಂದು ತುಣುಕಿತ್ತು. ಸಿಸಿಲಿಯಲ್ಲಿ ಬ್ರಿಟಿಷ್ ಕಾನ್ಸುಲ್ ಆಗಿದ್ದ ರಾಬರ್ಟ್ ಫೇಗನ್ ಬಳಿ ಇದ್ದದ್ದು, ಅವನು ಸತ್ತ ಮೇಲೆ ಹೆಂಡತಿ ಮಾರಿದ್ದು. 2022ರ ಜನವರಿಯಲ್ಲಿ ಅದು ಎರವಲಾಗಿಯೇ ಅಥೆನ್ಸಿಗೆ ಹೋಯಿತು. ಬದಲಿಗೆ ಅಥೆನ್ಸ್ ಒಂದು ಅಥೀನಾ ಮೂರ್ತಿ, ಒಂದು ಹಳೆಯ ಮಣ್ಣಿನ ಜಾಡಿ ಕಳಿಸಿತು. ಜೂನ್ ಹೊತ್ತಿಗೆ ಇಟಲಿ ತುಣುಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿತು. ಮರುವರ್ಷ ವ್ಯಾಟಿಕನ್ ತನ್ನಲ್ಲಿದ್ದ ಮೂರು ತುಣುಕು ಕೊಟ್ಟಿತು.

ಪಲೆರ್ಮೊದ ಆ ತುಣುಕು ದೊಡ್ಡದೇನಲ್ಲ, ಎರಡೂ ಕೈಯಲ್ಲಿ ಹಿಡಿಯುವಷ್ಟು. ಕೂತಿರುವ ದೇವತೆಯ ಪಾದ, ಮೇಲೆ ಸೀರೆಯ ನೆರಿಗೆಯಂತೆ ಇಳಿಬಿದ್ದ ಬಟ್ಟೆಯ ಅಂಚು. ಈಗ ಅದನ್ನು ಪೂರ್ವದ ಪಟ್ಟಿಕೆಯಲ್ಲಿ ಅದರ ಜಾಗದಲ್ಲೇ ಕೂರಿಸಿದ್ದಾರೆ. ಪಟ್ಟಿಕೆಯಲ್ಲಿ ಲಂಡನ್ನಿನಲ್ಲಿರುವ ಭಾಗಕ್ಕೆಲ್ಲ ಬಿಳಿ ಗಾರೆಯ ಅಚ್ಚು ಹಾಕಿದ್ದಾರೆ. ಆ ಅಚ್ಚುಗಳ ಬಿಳಿಯ ಹಾಗಲ್ಲ, ಆ ಪಾದ ಜೇನುಬಣ್ಣದ್ದು.